ಎರಡು ಹಲ್ಲು, ಹದಿಮೂರು ತಿಂಗಳು: ಹಾಸನದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ ನನ್ನ ಅನುಭವ

ಹಾಸನದ ಸಾಲಗಾಮೆ ರಸ್ತೆ ಕಡೆ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿ. ವಯಸ್ಸು 51. ಬಾಯಲ್ಲಿ ಎರಡು ಇಂಪ್ಲಾಂಟ್ ಹಲ್ಲುಗಳಿವೆ, ಅಂದರೆ ದವಡೆಯ ಮೂಳೆಯೊಳಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು. ಕೆಳಗೆ ಎಡಗಡೆ ಒಂದು ದವಡೆ ಹಲ್ಲು, ಮೇಲೆ ಮುಂದಿನದೊಂದು. ಬ್ಲೌಸ್ ಅಳತೆ ಕೊಡಲು ಬರುವವರೆಲ್ಲ ಕೇಳುತ್ತಾರೆ. "ನೋವಾಯ್ತಾ ಅಕ್ಕ? ಎಷ್ಟಾಯ್ತು? ನಮ್ಮಮ್ಮಂಗೂ ಹಾಕಿಸಬಹುದಾ?" ಟೇಪು ಹಿಡಿದು ನಿಂತಾಗ ಪೂರ್ತಿ ಹೇಳೋಕಾಗಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತೃಪ್ತಿ ಇದೆ. ಆದರೆ ಇದು ಹೋಗಿ ಕೂತು ಹಾಕಿಸಿಕೊಂಡು ಬರುವ ಹಲ್ಲಲ್ಲ. ಎರಡೂ ಸೇರಿ ಹದಿಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದು ಒಟ್ಟು ಆರೇಳು ಗಂಟೆ ಇರಬಹುದು. ಉಳಿದಿದ್ದೆಲ್ಲ ಕಾಯುವುದೇ. ನನ್ನನ್ನು ಕಾಯಿಸಿದ ಡಾಕ್ಟರೇ ಸರಿಯಾದ ಡಾಕ್ಟರು ಅಂತ ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ದವಡೆ ಹಲ್ಲು ಕೀಳಿಸಿದ್ದು 2016ರಲ್ಲಿ. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸದೆ ಬಿಟ್ಟಿದ್ದೆ. ಮಗಳ ಪಿಯುಸಿ ಫೀಸು ಕಟ್ಟಬೇಕಿದ್ದ ವರ್ಷ ಅದು. ಕ್ಯಾಪ್ ಆಮೇಲೆ ನೋಡೋಣ ಅಂದುಕೊಂಡೆ. ಒಂದು ದಿನ ಕಡಲೆ ಅಗಿಯುವಾಗ ಹಲ್ಲು ಎರಡು ಹೋಳಾಯಿತು. ಕೀಳಿಸಿದ ಮೇಲೆ ಏಳು ವರ್ಷ ಆ ಜಾಗ ಖಾಲಿ. ಕಾಣುವ ಜಾಗವಲ್ಲ, ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ದಿನಾ ಮುದ್ದೆ. ಮುದ್ದೆ ನುಂಗೋದಕ್ಕೆ ಹಲ್ಲು ಬೇಡವಲ್ಲ, ಹಾಗಾಗಿ ನನಗೂ ಕೊರತೆ ಅನ್ನಿಸಲಿಲ್ಲ. ಚಕ್ಕುಲಿ, ಕೊಬ್ಬರಿ, ಮಟನ್ ಏನಿದ್ದರೂ ಬಲಗಡೆಗೆ. ಅಷ್ಟರಲ್ಲಿ ಖಾಲಿ ಜಾಗದ ಮೇಲಿದ್ದ ಹಲ್ಲು ನಿಧಾನವಾಗಿ ಕೆಳಗಿಳಿಯುತ್ತಿತ್ತು, ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತಿತ್ತು, ಒಳಗಿನ ಮೂಳೆ ಸವೆಯುತ್ತಿತ್ತು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಮುಂದಿನ ಹಲ್ಲಿನ ಕಥೆ ಬೇರೆ. ಹುಡುಗಿಯಾಗಿದ್ದಾಗ ಬಿದ್ದು ಪೆಟ್ಟಾಗಿ, ಆಮೇಲೆ ರೂಟ್ ಕೆನಾಲ್ ಆಗಿ, ಕ್ಯಾಪ್ ಹಾಕಿಸಿದ್ದೆ. ಅದೇ ಹಲ್ಲಲ್ಲಿ ಇಪ್ಪತ್ತೈದು ವರ್ಷ ದಾರ ಕಚ್ಚಿ ತುಂಡು ಮಾಡಿದ್ದೇನೆ. ಹೊಲಿಗೆಯವರಲ್ಲಿ ಬಹಳ ಜನಕ್ಕೆ ಈ ಅಭ್ಯಾಸ ಇದೆ. 2023ರ ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಕ್ಯಾಪ್ ಸಮೇತ ಅರ್ಧ ಹಲ್ಲು ಕೈಗೆ ಬಂತು. ಬೇರು ಉದ್ದಕ್ಕೆ ಸೀಳಿತ್ತು. ಮದುವೆ ಸೀಸನ್ ಬೇರೆ. ಬಂದವರ ಜೊತೆ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡಿದೆ. ಪಕ್ಕದ ಹೂವಿನಂಗಡಿ ಅಕ್ಕ "ಯಾಕೆ ಮಾತೇ ಕಮ್ಮಿ ಆಯ್ತು?" ಅಂದಾಗ ಅಳು ಬಂದುಬಿಟ್ಟಿತು.

ಮೊದಲು ಹೋದ ಕಡೆ ಹತ್ತು ನಿಮಿಷದಲ್ಲಿ ಎಲ್ಲ ತೀರ್ಮಾನವಾಯಿತು. ಒಂದು ಸಣ್ಣ ಎಕ್ಸ್‌ರೇ ತೆಗೆದು, "ಎರಡೂ ಹಲ್ಲು ಮೂರು ದಿನದಲ್ಲಿ ಫಿಕ್ಸ್. 40 ಸಾವಿರ. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಐದು ಸಾವಿರ ಕಮ್ಮಿ" ಅಂದರು. ಯಾವ ಕಂಪನಿಯದು ಅಂತ ಕೇಳಿದೆ. "ಇಂಪೋರ್ಟೆಡ್ ಅಮ್ಮ" ಅಂದರು, ಅಷ್ಟೇ. ನನಗೆ ಶುಗರ್ ಇದೆ. ಅವರಾಗಿ ಕೇಳಲೇ ಇಲ್ಲ. ನಾನಾಗಿ ಹೇಳಿದರೆ "ಮಾತ್ರೆ ತಗೋತೀರಲ್ಲ, ಸಾಕು" ಅಂದರು. ಕೆಲವರಿಗೆ ಇಂಪ್ಲಾಂಟ್ ಕೂರಿಸಿದ ದಿನವೇ ಹಲ್ಲು ಹಾಕುವ ಪದ್ಧತಿಯೂ ಇದೆ, ಅದು ಸುಳ್ಳಲ್ಲ. ಮೂಳೆ ಗಟ್ಟಿ ಇದ್ದು, ಇಂಪ್ಲಾಂಟ್ ಭದ್ರವಾಗಿ ಕಚ್ಚಿಕೊಂಡರೆ ಮಾಡುತ್ತಾರೆ. ಆದರೆ ನನ್ನ ಮೂಳೆ ಹೇಗಿದೆ ಅಂತಲೇ ಅವರು ನೋಡಿರಲಿಲ್ಲ. ತಂದ ಬಟ್ಟೆ ಬಿಡಿಸಿ ನೋಡದೆ ಬ್ಲೌಸ್ ಯಾವತ್ತು ಕೊಡ್ತೀನಿ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಎದ್ದು ಬಂದೆ.

ಎರಡನೆಯ ಕ್ಲಿನಿಕ್ ಬಿ.ಎಂ. ರಸ್ತೆಯಲ್ಲಿ. ನಲವತ್ತರ ಆಸುಪಾಸಿನ ಡಾಕ್ಟರ್ ಮೇಡಂ. ಬಾಯಿ ನೋಡುವುದಕ್ಕೆ ಮುಂಚೆ ಕಾಲು ಗಂಟೆ ಬರೀ ಪ್ರಶ್ನೆ. ಶುಗರ್ ಎಷ್ಟು ವರ್ಷದಿಂದ? ರಕ್ತ ತೆಳುವಾಗುವ ಮಾತ್ರೆ ತಗೋತೀರಾ? ಮೂಳೆ ಸವೆತಕ್ಕೆ ಇಂಜೆಕ್ಷನ್ ಏನಾದರೂ ಆಗಿದೆಯಾ? ಎಲೆಅಡಿಕೆ, ಹೊಗೆಸೊಪ್ಪು ಉಂಟಾ? ರಾತ್ರಿ ಹಲ್ಲು ಕಡಿಯುತ್ತೀರಾ? ಮೂಳೆಯ ಇಂಜೆಕ್ಷನ್ ಬಗ್ಗೆ ಯಾಕೆ ಅಂತ ಕೇಳಿದೆ. ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಿ ತಗೊಂಡವರಿಗೆ ದವಡೆಯ ಗಾಯ ಮಾಯುವುದು ಕಷ್ಟವಾಗಬಹುದು, ಗೊತ್ತಿಲ್ಲದೆ ಕೈ ಹಾಕಬಾರದು ಅಂದರು. ನಮ್ಮ ಓಣಿಯಲ್ಲೇ ಆ ಇಂಜೆಕ್ಷನ್ ತಗೊಳ್ಳುವ ಇಬ್ಬರು ಅಜ್ಜಿಯರಿದ್ದಾರೆ. ಹಲ್ಲಿನ ಡಾಕ್ಟರ ಹತ್ತಿರ ಅದನ್ನೆಲ್ಲ ಹೇಳಬೇಕು ಅಂತ ಅವರಿಗೇನು ಗೊತ್ತು?

ರಕ್ತ ಪರೀಕ್ಷೆ ಬರೆದುಕೊಟ್ಟರು. ಅವತ್ತಿನ ಶುಗರ್ ಅಲ್ಲ, ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ. 8.4 ಬಂತು. "ಇದು ಏಳರ ಹತ್ತಿರ ಬರಲಿ ಅಮ್ಮ, ಆಮೇಲೆ ಇಂಪ್ಲಾಂಟ್ ಮಾತಾಡೋಣ. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯಲ್ಲ, ಸೋಂಕು ಬೇಗ ಹತ್ತುತ್ತೆ" ಅಂದರು. ಸೀಳಿದ ಬೇರನ್ನು ಮಾತ್ರ ತೆಗೆದು, ತೆಗೆದು ಹಾಕುವಂಥ ಒಂದು ತಾತ್ಕಾಲಿಕ ಹಲ್ಲು ಮಾಡಿಕೊಟ್ಟರು. ಬಂದ ಗಿರಾಕಿಯನ್ನು ಇಂಪ್ಲಾಂಟಿನ ದುಡ್ಡು ತಗೊಳ್ಳದೆ ವಾಪಸ್ ಕಳಿಸಿದರಲ್ಲ, ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಮಾತ್ರೆ ಬದಲಾಯಿತು. ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ನಡೆಯಲು ಶುರು ಮಾಡಿದೆ. ಜೂನ್ ಹೊತ್ತಿಗೆ 7.1ಕ್ಕೆ ಬಂತು.

ಬೇರೆ ದಾರಿಗಳನ್ನೂ ಅವರು ಮುಚ್ಚಿಡಲಿಲ್ಲ. ತೆಗೆದು ಹಾಕುವ ಸೆಟ್ ಕಡಿಮೆ ಖರ್ಚಿನದು, ಆದರೆ ಅಲ್ಲಾಡುತ್ತೆ, ರಾತ್ರಿ ತೆಗೆದಿಡಬೇಕು. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ನಿಲ್ಲಿಸುವ ಬ್ರಿಡ್ಜ್ ಬೇಗ ಆಗುತ್ತೆ, ಆದರೆ ಆ ಎರಡು ಚೆನ್ನಾಗಿರೋ ಹಲ್ಲನ್ನು ಸುತ್ತ ಉಜ್ಜಿ ಸಣ್ಣ ಮಾಡಿ ಕ್ಯಾಪ್ ಹಾಕಬೇಕು. ಇಂಪ್ಲಾಂಟ್ ಪಕ್ಕದ ಹಲ್ಲನ್ನು ಮುಟ್ಟುವುದಿಲ್ಲ. ಅಕ್ಕಪಕ್ಕದ ಹಲ್ಲಿಗೆ ಮೊದಲೇ ಕ್ಯಾಪ್ ಬೇಕಾಗಿದ್ದವರಿಗೆ ಬ್ರಿಡ್ಜೇ ಸರಿ ಅಂತಲೂ ಅಂದರು. ನನ್ನ ಅಕ್ಕಪಕ್ಕದ ಹಲ್ಲುಗಳು ಗಟ್ಟಿ ಇದ್ದವು. ಒಂದು ತೂತು ಮುಚ್ಚೋದಕ್ಕೆ ಸುತ್ತಲಿನ ಒಳ್ಳೆ ಬಟ್ಟೆ ಕತ್ತರಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಸ್ಕ್ಯಾನ್. ಸಿಬಿಸಿಟಿ ಅನ್ನುತ್ತಾರೆ. ನಿಂತುಕೊಂಡರೆ ಯಂತ್ರ ತಲೆ ಸುತ್ತ ಒಂದು ಸುತ್ತು ಬರುತ್ತೆ, ಒಂದು ನಿಮಿಷವೂ ಆಗಲ್ಲ. ದವಡೆಯ ಮೂಳೆಯನ್ನು ಉದ್ದ, ಅಗಲ, ಆಳ ಮೂರೂ ಕಡೆಯಿಂದ ಕಂಪ್ಯೂಟರಿನಲ್ಲಿ ನೋಡಬಹುದು. ಮೇಡಂ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಕೆಳದವಡೆಯ ಒಳಗೆ ಒಂದು ನರ ಹೋಗುತ್ತೆ, ಕೆಳತುಟಿಗೆ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವುದು ಅದೇ. ಇಂಪ್ಲಾಂಟಿನ ತುದಿಗೂ ಆ ನರಕ್ಕೂ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡಬೇಕು. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದೇ ಇರಬಹುದು. ಅಗಲ ನನ್ನಲ್ಲಿ ಉಳಿದಿದ್ದು 7 ಮಿಲಿಮೀಟರ್ ಮಾತ್ರ. ಹಲ್ಲು ಕಿತ್ತ ಹೊಸದರಲ್ಲೇ ಬಂದಿದ್ದರೆ ಇನ್ನೂ ಜಾಸ್ತಿ ಇರುತ್ತಿತ್ತಂತೆ. 4 ಮಿಲಿಮೀಟರ್ ದಪ್ಪದ ಇಂಪ್ಲಾಂಟ್ ಇಟ್ಟರೆ ಎರಡು ಕಡೆ ಒಂದೂವರೆ, ಒಂದೂವರೆ ಉಳಿಯುತ್ತೆ. "ಅಂದರೆ ಮಾರ್ಜಿನ್" ಅಂದೆ. "ಕರೆಕ್ಟ್, ಮಾರ್ಜಿನ್ನೇ" ಅಂದರು ಮೇಡಂ. ಮಾರ್ಜಿನ್ ಇಲ್ಲದೆ ಅಂಚಿಗೆ ಹೊಲಿದರೆ ಬಟ್ಟೆ ಸೀಳುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಸಣ್ಣ ಎಕ್ಸ್‌ರೇಯಲ್ಲಿ ಈ ಅಗಲ ಕಾಣುವುದೇ ಇಲ್ಲ. ಸ್ಕ್ಯಾನ್ ಬೇಡ ಅನ್ನುವ ಕಡೆ ಇದೊಂದನ್ನು ಕೇಳಿ.

ಮುಂದಿನ ಹಲ್ಲಿನ ಜಾಗದಲ್ಲಿ ಮೂಳೆ ಇನ್ನೂ ತೆಳು. ಮೇಲಿನ ಮುಂಭಾಗದ ಮೂಳೆ ಮೊದಲೇ ಹಾಳೆಯ ಹಾಗೆ, ಹಲ್ಲು ಹೋದ ಕೆಲವೇ ತಿಂಗಳಲ್ಲಿ ಕರಗುತ್ತೆ. ಅಲ್ಲಿಗೆ ಮೂಳೆಪುಡಿ ತುಂಬಿ, ಅದು ಗಟ್ಟಿಯಾಗುವ ತನಕ ಕಾಯಬೇಕಾಯಿತು. ಆ ಪುಡಿಯ ಬಗ್ಗೆ ಮೇಡಂ ಕೇಳಿದ ರೀತಿ ನನಗೆ ಇಷ್ಟವಾಯಿತು. "ದನದ ಮೂಳೆಯನ್ನು ಶುದ್ಧ ಮಾಡಿ ತಯಾರಿಸಿದ್ದೂ ಇದೆ, ಪೂರ್ತಿ ಕೃತಕವಾದದ್ದೂ ಇದೆ. ನಿಮಗೆ ಯಾವುದು ಒಪ್ಪಿಗೆ ಅಮ್ಮ?" ಮನೆಯಲ್ಲಿ ಮಾತಾಡಿ ಕೃತಕವಾದದ್ದನ್ನು ಹೇಳಿದೆ. ಇದನ್ನು ಎಲ್ಲ ಕಡೆಯೂ ಕೇಳಬೇಕು. ಆದರೆ ಪುಡಿಯ ಖರ್ಚು 9,000 ಅಂತ ಅವರು ಹೇಳಿದ್ದು ಪುಡಿ ತುಂಬುವ ಹಿಂದಿನ ದಿನ ಸಂಜೆ. ಸ್ಕ್ಯಾನ್ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ನಿಜ. ಬೇಕಾಗಬಹುದು ಅಂತ ಮೊದಲ ದಿನವೇ ಒಂದು ಮಾತು ಹೇಳಿದ್ದರೆ ನಾನು ರಾತ್ರೋರಾತ್ರಿ ತಮ್ಮನಿಗೆ ಫೋನ್ ಮಾಡುವ ಹಾಗೆ ಆಗುತ್ತಿರಲಿಲ್ಲ. ಈ ಬೇಜಾರನ್ನು ಅವರಿಗೂ ಹೇಳಿದ್ದೇನೆ.

ಜುಲೈಯಲ್ಲಿ ಒಂದು ಗುರುವಾರ ಕೆಳಗಿನ ಇಂಪ್ಲಾಂಟ್, ಮೇಲಿನ ಪುಡಿ ಎರಡೂ ಒಟ್ಟಿಗೆ ಮಾಡಿದರು. ನೋವಿನ ವಿಷಯ ಎಲ್ಲರೂ ಕೇಳುವುದರಿಂದ ಸರಿಯಾಗಿ ಹೇಳುತ್ತೇನೆ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದು ನೋವಾಯಿತು, ಮುಂದಿನ ವಸಡಿನಲ್ಲಿ ಜಾಸ್ತಿ. ಆಮೇಲೆ ನೋವಿಲ್ಲ. ಡ್ರಿಲ್ ತಿರುಗುವ ನಡುಕ ತಲೆಬುರುಡೆ ತನಕ ಬರುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಒಂದೇ ಸಲ ದೊಡ್ಡ ತೂತು ಕೊರೆಯುವುದಿಲ್ಲ. ಮೊದಲು ತೆಳು ಡ್ರಿಲ್, ಆಮೇಲೆ ಸ್ವಲ್ಪ ದಪ್ಪ, ಆಮೇಲೆ ಇನ್ನೊಂದು. ಮೂಳೆ ಬಿಸಿಯಾಗಬಾರದು ಅಂತ ಉದ್ದಕ್ಕೂ ತಣ್ಣನೆ ನೀರು ಬಿಡುತ್ತಿರುತ್ತಾರೆ. ಬಿಸಿಯಾದರೆ ಮೂಳೆ ಸಾಯುತ್ತೆ, ಇಂಪ್ಲಾಂಟ್ ಹಿಡಿಯಲ್ಲ. ಕೊನೆಗೆ ಕೈಯಲ್ಲಿ ಒಂದು ಪುಟ್ಟ ಸ್ಪ್ಯಾನರ್ ತಗೊಂಡು ಕಟಕಟ ತಿರುಗಿಸಿ, "35 ಬಂತು" ಅಂತ ನರ್ಸಿಗೆ ಹೇಳಿದರು. ಎಷ್ಟು ಬಿಗಿಯಾಗಿ ಕೂತಿದೆ ಅನ್ನೋ ಲೆಕ್ಕ ಅದು.

ಹೊಲಿಗೆಯನ್ನು ಕನ್ನಡಿ ಕೇಳಿ ನೋಡಿಕೊಂಡೆ. ಕಪ್ಪು ರೇಷ್ಮೆ ದಾರ, ಕೆಳಗೆ ಮೂರು, ಮೇಲೆ ಐದು. ಒಂದೊಂದೂ ಬಿಡಿ ಬಿಡಿ ಗಂಟು. ಒಂದು ಬಿಚ್ಚಿದರೂ ಇನ್ನೊಂದು ನಿಲ್ಲಬೇಕಲ್ಲ. ಎಳೆದು ಬಿಗಿ ಮಾಡಿರಲಿಲ್ಲ, ಅಂಚಿಗೆ ಅಂಚು ಕೂತಿತ್ತು. ಬಾಯೊಳಗಿನ ಅಷ್ಟು ಸಣ್ಣ ಜಾಗದಲ್ಲಿ, ಒದ್ದೆ ವಸಡಿನ ಮೇಲೆ ಅಂಥ ಹೊಲಿಗೆ ಹಾಕುವುದು ಸುಮ್ನೆ ಅಲ್ಲ. ನನಗೆ ಅವರ ಕೈ ಮೇಲೆ ಗೌರವ ಬಂತು.

ಮೂರನೆಯ ದಿನ ಮುಖ ಊದಿಕೊಂಡಿತ್ತು, ಐದನೆಯ ದಿನಕ್ಕೆ ಇಳಿಯಿತು. ಐದು ದಿನ ಆಂಟಿಬಯಾಟಿಕ್, ಮೊದಲೆರಡು ದಿನ ಐಸ್, ಒಂದು ವಾರ ತಣ್ಣನೆ ರಾಗಿ ಅಂಬಲಿ, ಮೊಸರನ್ನ. ಬಿಸಿ ಕಾಫಿ ಬೇಡ ಅಂದಿದ್ದು ಮಾತ್ರ ನಿಜವಾಗಿ ಕಷ್ಟವಾಯಿತು. ಮಳೆ ಹಿಡಿದಿತ್ತು, ಮನೆಯಲ್ಲೆಲ್ಲ ಕಾಫಿ ವಾಸನೆ. ಎಂಟನೆಯ ದಿನ ಹೊಲಿಗೆ ಬಿಚ್ಚಿದರು.

ಕಾಯುವ ತಿಂಗಳುಗಳಲ್ಲಿ ಒಮ್ಮೆ, ಇದು ಮೂಳೆಗೆ ಹೇಗೆ ಅಂಟಿಕೊಳ್ಳುತ್ತೆ ಅಂತ ಮೇಡಂ ಅವರನ್ನು ಕೇಳಿದೆ. ಗೋಂದಿಲ್ಲ, ಸಿಮೆಂಟಿಲ್ಲ, ಬರೀ ಟೈಟಾನಿಯಂ ಲೋಹ. ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನುವ ಡಾಕ್ಟರು 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ನೋಡಲು ಟೈಟಾನಿಯಂನ ಒಂದು ಸಣ್ಣ ಸಾಧನ ಕೂರಿಸಿದ್ದರಂತೆ. ಕೆಲಸ ಮುಗಿದ ಮೇಲೆ ತೆಗೆಯೋಕೆ ಹೋದರೆ ಬರಲಿಲ್ಲ. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅಲ್ಲಿಂದ ಶುರುವಾಗಿ 1965ರಲ್ಲಿ ಮೊದಲ ಬಾರಿಗೆ ಒಬ್ಬರ ದವಡೆಗೆ ಇಂಪ್ಲಾಂಟ್ ಹಾಕಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವ ತನಕ ಅವು ಅವರ ಬಾಯಲ್ಲೇ ಇದ್ದವು. ನಲವತ್ತು ವರ್ಷ! ಇದನ್ನು ಕೇಳಿದ ಮೇಲೆ ಮೂರು ತಿಂಗಳು ನನಗೆ ಜಾಸ್ತಿ ಅನ್ನಿಸಲಿಲ್ಲ. ಮೂಳೆ ಬೆಳೆದು ಲೋಹವನ್ನು ಹಿಡಿಯಬೇಕು. ಕೆಳದವಡೆಯ ಮೂಳೆ ಗಟ್ಟಿ, ಮೂರು ತಿಂಗಳು ಸಾಕು. ಮೇಲ್ದವಡೆಯದು ಮೆದು, ಇನ್ನೂ ಜಾಸ್ತಿ ಬೇಕು.

ಅಕ್ಟೋಬರಿನಲ್ಲಿ ಕೆಳಗಿನ ಹಲ್ಲು ಬಂತು. ಜಿರ್ಕೋನಿಯಾ ಅನ್ನುವ ಗಟ್ಟಿ ಪಿಂಗಾಣಿಯ ಕ್ಯಾಪ್, ಸ್ಕ್ರೂ ಬಿಗಿಯುವಂಥದ್ದು. ಮೇಲೆ ಸಣ್ಣ ತೂತಿದ್ದು ಅದನ್ನು ಹಲ್ಲಿನ ಬಣ್ಣದಲ್ಲೇ ಮುಚ್ಚುತ್ತಾರೆ. ಬೇಕಾದಾಗ ಬಿಚ್ಚಬಹುದು. ಸಿಮೆಂಟ್ ಹಾಕಿ ಕೂರಿಸುವ ಬಗೆಯೂ ಇದೆ. ಬಿಚ್ಚುವಂಥದ್ದು ಒಳ್ಳೆಯದಾಯಿತು. ಎಂಟು ತಿಂಗಳ ಮೇಲೆ ನನ್ನದು ಕೂದಲೆಳೆಯಷ್ಟು ಅಲ್ಲಾಡಿತು. ಹೆದರಿಕೊಂಡು ಓಡಿದೆ. ಇಂಪ್ಲಾಂಟ್ ಗಟ್ಟಿಯಾಗೇ ಇತ್ತು, ಮೇಲಿನ ಸ್ಕ್ರೂ ಮಾತ್ರ ಸಡಿಲವಾಗಿತ್ತು. ಬಿಚ್ಚಿ, ಸ್ವಚ್ಛ ಮಾಡಿ, ಬಿಗಿ ಮಾಡಿ, ಹದಿನೈದು ನಿಮಿಷದಲ್ಲಿ ಕಳಿಸಿದರು. ದುಡ್ಡು ತಗೊಳ್ಳಲಿಲ್ಲ.

ದೀಪಾವಳಿ ವಾರ ಒಂದು ಪೇಚಾಟ. ಹಾಸನಾಂಬೆ ಬಾಗಿಲು ತೆಗೆದಿದ್ದರಿಂದ ಊರ ತುಂಬ ಜನ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆವಾಗಲೇ ಮುಂದಿನ ತಾತ್ಕಾಲಿಕ ಹಲ್ಲು ಎರಡು ತುಂಡಾಯಿತು. ಕ್ಲಿನಿಕ್ಕಿಗೆ ನಾಲ್ಕು ದಿನ ರಜೆ, ಫೋನ್ ಎತ್ತಲಿಲ್ಲ. ನಾಲ್ಕು ದಿನ ಮತ್ತೆ ಸೆರಗು ಅಡ್ಡ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ತಾಯಿಯ ದರ್ಶನಕ್ಕೂ ಬಾಯಿ ಮುಚ್ಚಿಕೊಂಡೇ ಹೋಗಿ ಬಂದೆ. ರಜೆಯ ದಿನ ತುರ್ತಿದ್ದರೆ ಯಾರಿಗೆ ಹೇಳಬೇಕು ಅಂತ ಅವರು ಮೊದಲೇ ತಿಳಿಸಬೇಕಿತ್ತು. ಈಗ ಬೋರ್ಡಿನ ಮೇಲೆ ಇನ್ನೊಂದು ನಂಬರ್ ಬರೆಸಿದ್ದಾರೆ.

ಮುಂದಿನ ಇಂಪ್ಲಾಂಟ್ ಕೂರಿಸಿದ್ದು ನವೆಂಬರ್ ಕೊನೆಯಲ್ಲಿ, ಹಲ್ಲು ಬಂದಿದ್ದು 2024ರ ಏಪ್ರಿಲ್‌ನಲ್ಲಿ. ಬಣ್ಣದ ವಿಷಯಕ್ಕೆ ನಾನು ಹಟ ಹಿಡಿದೆ. ಹಲ್ಲಿನ ಬಣ್ಣಕ್ಕೂ ದಾರದ ಶೇಡ್ ಕಾರ್ಡಿನ ಹಾಗೇ ಒಂದು ಪಟ್ಟಿ ಇದೆ, ಎ1, ಎ2, ಎ3 ಅಂತ. ಲ್ಯಾಬಿನಿಂದ ಬಂದ ಹಲ್ಲು ಒಳಗೆ ಲೈಟಿನಲ್ಲಿ ಚೆನ್ನಾಗೇ ಕಂಡಿತು. ನಾನು ಕನ್ನಡಿ ಹಿಡಿದು ಬಾಗಿಲ ಹತ್ತಿರ ಬೆಳಕಿಗೆ ಹೋದೆ. ಸೀರೆಗೆ ದಾರ ಹೊಂದಿಸುವಾಗ ಯಾವತ್ತೂ ಟ್ಯೂಬ್‌ಲೈಟನ್ನು ನಂಬಬಾರದು. ಪಕ್ಕದ ಹಲ್ಲಿಗಿಂತ ಬಿಳಿ ಜಾಸ್ತಿ ಇತ್ತು. "ಒಂದು ಶೇಡ್ ಕಮ್ಮಿ ಆಗಬೇಕು ಮೇಡಂ" ಅಂದೆ. ಅವರೂ ಬೆಳಕಿಗೆ ಬಂದು ನೋಡಿ ಒಪ್ಪಿದರು. ವಾಪಸ್ ಕಳಿಸಿ ಹತ್ತು ದಿನ ಕಾದೆವು. ಈಗ ಯಾವುದು ಹಾಕಿಸಿದ ಹಲ್ಲು ಅಂತ ನನ್ನ ಮಗಳೂ ಹೇಳಲಾರಳು.

ಹಲ್ಲು ಕೂರಿಸಿದ ದಿನ ನೀಲಿ ಕಾಗದ ಕಚ್ಚಿಸಿ ಎಲ್ಲಿ ಜಾಸ್ತಿ ತಾಗುತ್ತೆ ಅಂತ ನೋಡಿ ನೋಡಿ ಉಜ್ಜುತ್ತಾರೆ. ಇದಕ್ಕೆ ಅವಸರ ಮಾಡಬೇಡಿ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ಮಧ್ಯೆ ಒಂದು ತೆಳು ಪದರ ಇರುತ್ತೆ, ಮೆತ್ತೆ ಇದ್ದ ಹಾಗೆ. ಕಲ್ಲು ಸಿಕ್ಕರೆ ತಕ್ಷಣ ಗೊತ್ತಾಗುವುದು ಅದರಿಂದ. ಇಂಪ್ಲಾಂಟಿಗೆ ಆ ಮೆತ್ತೆ ಇಲ್ಲ, ನೇರ ಮೂಳೆಗೇ ಕೂತಿರುತ್ತೆ. ಕಚ್ಚು ಎತ್ತರ ಆದರೂ ನಮಗೆ ಚೆನ್ನಾಗಿ ಗೊತ್ತಾಗಲ್ಲ. ನನಗೆ ಈಗಲೂ ಎಡಗಡೆ ಅಗಿಯುವಾಗ ಬಲಗಡೆಯಷ್ಟು ಸೂಕ್ಷ್ಮ ಇಲ್ಲ. ಬಲ ಇದೆ, ಕೊಬ್ಬರಿ ಚೂರು ಅಗಿಯುತ್ತೇನೆ. ಆದರೆ ಅದು ಹುಟ್ಟಿದ ಹಲ್ಲಲ್ಲ ಅಂತ ಬಾಯಿಗೆ ಗೊತ್ತಿರುತ್ತೆ.

ಲೆಕ್ಕ ಹೀಗಿದೆ. ಇಂಪ್ಲಾಂಟ್ ಮತ್ತು ಕ್ಯಾಪ್ ಸೇರಿ ಒಂದಕ್ಕೆ 34,000, ಎರಡಕ್ಕೆ 68,000. ಪುಡಿ 9,000. ಸ್ಕ್ಯಾನ್ 2,500. ತಾತ್ಕಾಲಿಕ ಹಲ್ಲು 1,500. ಒಟ್ಟು 81,000. ಲೈನಿಂಗ್ ಬ್ಲೌಸಿಗೆ ನಾನು ತಗೊಳ್ಳೋದು 350. ಇನ್ನೂರ ಮೂವತ್ತು ಬ್ಲೌಸಿನ ಕೂಲಿ ಬಾಯೊಳಗಿದೆ. ಹಂತ ಹಂತವಾಗಿ ಕಟ್ಟಲು ಬಿಟ್ಟರು, ಚೀಟಿ ಎತ್ತಿದ ದುಡ್ಡೂ ಸೇರಿತು. ಇಷ್ಟು ಆಗದವರು ಹಲ್ಲಿಲ್ಲದೆ ಕೂರಬೇಕಾಗಿಲ್ಲ. ನಮ್ಮೂರಿನಲ್ಲೇ ಹಾಸನಾಂಬ ಡೆಂಟಲ್ ಕಾಲೇಜಿದೆ, ಅಲ್ಲೂ ಒಮ್ಮೆ ವಿಚಾರಿಸಿ. ನನಗೆ ಬೆಳಗಿನ ಹೊತ್ತು ಅಂಗಡಿ ಮುಚ್ಚೋಕಾಗಲ್ಲ ಅಂತ ಹೋಗಲಿಲ್ಲ.

ಇಂಪ್ಲಾಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಒಂದು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿದೆ. ಕೊಡದಿದ್ದರೆ ಕೇಳಿ ತಗೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ಸ್ಕ್ರೂ ಸಡಿಲವಾದರೆ, ಯಾವ ಕಂಪನಿಯದು ಅಂತ ಗೊತ್ತಿಲ್ಲದೆ ಸರಿಯಾದ ಬಿಡಿಭಾಗ ಹುಡುಕುವುದು ಕಷ್ಟ. ನಾನು ರೇಷನ್ ಕಾರ್ಡಿನ ಜೊತೆಗೇ ಇಟ್ಟಿದ್ದೇನೆ.

ಈ ಹಲ್ಲಿಗೆ ಹುಳುಕು ಹಿಡಿಯಲ್ಲ. ಅದಕ್ಕೇ ಜನ ಉದಾಸೀನ ಮಾಡುತ್ತಾರೆ ಅಂತ ಮೇಡಂ ಹೇಳುತ್ತಿರುತ್ತಾರೆ. ಸುತ್ತ ಕೊಳೆ ಕೂತರೆ ವಸಡು ಊದುತ್ತೆ, ಆಮೇಲೆ ಒಳಗಿನ ಮೂಳೆ ಕರಗುತ್ತೆ. ಮೊದಮೊದಲು ನೋವೇ ಇರಲ್ಲ. ಹಾಗಾಗಿ ರಾತ್ರಿ ಬ್ರಷ್ ಮಾಡಿ, ಸಂದಿಗೆ ಹಾಕುವ ಸಣ್ಣ ಬ್ರಷ್ ಆಡಿಸಿ ಮಲಗುತ್ತೇನೆ. ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ. ಶುಗರ್ ಏರಲು ಬಿಟ್ಟಿಲ್ಲ, ಹೋದ ತಿಂಗಳು 6.9 ಇತ್ತು. ದಾರ ಕಚ್ಚುವುದನ್ನು ಬಿಟ್ಟಿದ್ದೇನೆ. ಮೆಷಿನ್ನಿಗೆ ಲಾಡಿ ಕಟ್ಟಿ ಪುಟ್ಟ ಕತ್ತರಿ ನೇತುಹಾಕಿದ್ದೇನೆ. ಹೊಲಿಗೆ ಕಲಿಯಲು ಬರುವ ಇಬ್ಬರು ಹುಡುಗಿಯರಿಗೂ ಬಾಯಿಗೆ ದಾರ ಹೋದರೆ ಅಲ್ಲೇ ಗದರುತ್ತೇನೆ.

ಅರಕಲಗೂಡಿನಿಂದ ನಮ್ಮ ನಾದಿನಿ ಮುಂದಿನ ಗುರುವಾರ ಬರುತ್ತಿದ್ದಾಳೆ. ಅವಳದು ಕೆಳಗೆ ಎರಡು ದವಡೆ ಹಲ್ಲು, ಕೀಳಿಸಿ ಇನ್ನೂ ನಾಲ್ಕು ತಿಂಗಳಾಗಿದೆ ಅಷ್ಟೇ. ಜೊತೆಗೆ ನಾನೇ ಹೋಗುತ್ತೇನೆ. ದುಡ್ಡು ಆಮೇಲೆ ನೋಡೋಣ, ಮೊದಲು ಶುಗರ್ ರಿಪೋರ್ಟು, ತಗೊಳ್ಳುವ ಮಾತ್ರೆಗಳ ಚೀಟಿ ಎರಡೂ ತಗೊಂಡು ಬಾ ಅಂತ ಫೋನಿನಲ್ಲಿ ಹೇಳಿದ್ದೇನೆ.